ಖಾಡಿ ದಂಡೆಯ ಮ್ಯೂಸಿಯಂನಲ್ಲಿ ರಾಜರ ಕಾಲದ ಮದುವೆ

ಪುರೋಹಿತನಿಗೆ ಮಂತ್ರದ ಮಧ್ಯೆ ನಗು ಬರಬಾರದು. ಆದರೆ ನಗು ಬರುವ ಸಂಗತಿಗಳೆಲ್ಲ ಸರಿಯಾಗಿ ಮಂತ್ರದ ಮಧ್ಯೆಯೇ ನಡೆಯುತ್ತವೆ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಾನು ಪೌರೋಹಿತ್ಯ ಶುರುಮಾಡಿದಾಗ ತಲೆ ತುಂಬ ಕೂದಲಿತ್ತು. ಈಗ ಜುಟ್ಟಿಗೆ ಸಾಲುವಷ್ಟು ಉಳಿದಿದೆ. ಈ ನಡುವೆ ವರ ಲಿಫ್ಟಿನಲ್ಲಿ ಸಿಕ್ಕಿಬಿದ್ದಾಗ ಎರಡು ಮಹಡಿಗಳ ನಡುವೆ ಕಾಶಿಯಾತ್ರೆ ಮುಗಿಸಿದ್ದೇನೆ. ಬಿ ವಿಂಗ್ ಎಂದುಕೊಂಡು ಸಿ ವಿಂಗ್‌ನಲ್ಲಿ ಯಾರದೋ ಮನೆಗೆ ಗೃಹಪ್ರವೇಶ ಮಾಡಿಸಿ, ಹಾಲು ಉಕ್ಕಿಸಿ, ಅವರು ಕೊಟ್ಟ ಚಹಾ ಕುಡಿದು ಬಂದಿದ್ದೇನೆ. ಆದರೆ ಇವೆಲ್ಲ ಬಿಡಿ ಬಿಡಿಯಾಗಿ ಆದದ್ದು. ಒಂದೇ ದಿನ, ಒಂದೇ ಮದುವೆಯಲ್ಲಿ, ಒಂದರ ಮೇಲೊಂದು ಬಂದದ್ದು ಹೋದ ಚಳಿಗಾಲದಲ್ಲಿ.

ಮುಂಬ್ರಾದ ಗುಡ್ಡ ಎದುರಿಗೆ ಕಾಣುವಂತೆ, ಸಮುದ್ರದ ನೀರು ಒಳಗೆ ಬಂದು ಹೋಗುವ ಖಾಡಿಯ ದಂಡೆಯಲ್ಲಿ ಹಳೆಯ ಹಡಗುಗಳ ಒಂದು ಸಣ್ಣ ಮ್ಯೂಸಿಯಂ ಇದೆ. ಮದುಮಗಳಿಗೆ ಅಲ್ಲೇ ಕೆಲಸ. ಬಂದವರಿಗೆ ಲಂಗರು, ಹಾಯಿ, ದಿಕ್ಸೂಚಿ ತೋರಿಸಿ ಕತೆ ಹೇಳುವುದು. ರಬಾಳೆಯ ಕಂಪನಿಯೊಂದರಿಂದ ಅಲ್ಲಿಯ ಏಸಿ ರಿಪೇರಿಗೆ ಬಂದ ಹುಡುಗ, ಏಸಿ ಸರಿಯಾದ ಮೇಲೂ ಪ್ರತಿ ವಾರ ಟಿಕೆಟ್ ತೆಗೆದುಕೊಂಡು ಬಂದು ಅದೇ ಲಂಗರಿನ ಕತೆ ಕೇಳಿದ. ಆಮೇಲೆ ಇಬ್ಬರೂ ಮದುವೆ ಎಂದರು. ಅದೂ ಆ ಮ್ಯೂಸಿಯಂನಲ್ಲೇ, ಅದೂ ರಾಜರ ಕಾಲದ ಹಾಗೆ.

ಯಾವ ರಾಜ?

ಹುಡುಗಿಯ ಅಪ್ಪ ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಹೋಟೆಲು. ಹುಡುಗನ ಅಪ್ಪ ವಿಜಯಪುರದವರು, ಕಲ್ಯಾಣದಲ್ಲಿ ಕಟ್ಟಡದ ಕಂಟ್ರಾಕ್ಟರು. ಮಾತುಕತೆಗೆ ಹೋಟೆಲಿನ ಮಹಡಿಯ ಮೇಲೆ ಸೇರಿದ್ದೆವು. ಈ ಮದುವೆಯ ಏರ್ಪಾಡನ್ನೆಲ್ಲ ವಹಿಸಿಕೊಂಡ ಇವೆಂಟ್ ಹುಡುಗಿಯೂ ಬಂದಿದ್ದಳು. ಅವಳು ಇಲ್ಲೇ ಹುಟ್ಟಿದ ಮಂಗಳೂರು ಕಡೆಯ ಹುಡುಗಿ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಹೇಳುತ್ತಾಳೆ.

"ಅಂಕಲ್, ರಾಜಾ ಕೌನ್ಸಾ ಚಾಹಿಯೇ?" ಎಂದು, ಮಸಾಲೆಯೋ ಸಾದಾವೋ ಎನ್ನುವ ಹಾಗೆ ಕೇಳಿದಳು.

ಹುಡುಗಿಯ ಅಪ್ಪ ತಡಮಾಡಲಿಲ್ಲ. "ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು? ವಿಜಯನಗರ. ನಾವೆಲ್ಲ ಆ ವೈಭವದವರೇ ಅಲ್ವಾ?"

ಹುಡುಗನ ಅಪ್ಪ ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟರು. "ಬೀಗರ, ನೀವು ವಿಜಯನಗರ ಆದ್ರ ನಾವು ಏನಾಗಬೇಕ್ರಿ? ನಾವು ವಿಜಾಪುರದವ್ರು."

"ನೀವು ಗಂಡಿನ ಕಡೆಯವರು. ದಂಡು ಕಟ್ಟಿಕೊಂಡು ಬನ್ನಿ."

"ಒಮ್ಮೆ ಬಂದಿದ್ವಿರಿ," ಎಂದರು ಅವರು ಬಹಳ ಗಂಭೀರವಾಗಿ. "ಆಮ್ಯಾಲ ನಿಮ್ಮ ಹಂಪಿಯೊಳಗ ಒಂದ ಕಂಬ ನೆಟ್ಟಗ ಉಳೀಲಿಲ್ಲ. ಲಗ್ನದಾಗ ಆ ಮಾತು ಬ್ಯಾಡ್ರಿ."

ನನಗೆ ನಗು ಬಂದು ಕೆಮ್ಮಿದೆ. ಮದುಮಗಳು ಮಾತ್ರ ಗಾಬರಿಯಾದಳು. ಇನ್ನೊಂದು ವಾಕ್ಯ ಮುಂದೆ ಹೋದರೆ ಮದುವೆಯೇ ಮುರಿದೀತೆಂದು ಅವಳಿಗೆ ಗೊತ್ತಿತ್ತು. "ಅಪ್ಪಾ, ಯಾವ ರಾಜನೂ ಬೇಡ. ಸಮುದ್ರ ವ್ಯಾಪಾರದ ಕಾಲ ಅಂತ ಇಟ್ಟುಕೊಳ್ಳುವ" ಎಂದಳು.

ಇವೆಂಟ್ ಹುಡುಗಿ ಖುಷಿಯಾಗಿ ಬರೆದುಕೊಂಡಳು. "ಓಕೆ, ಜನರಲ್ ರಾಜಾ."

ಗೋತ್ರ

ಮದುವೆಯ ದಿನ ಬೆಳಿಗ್ಗೆ ಮ್ಯೂಸಿಯಂಗೆ ಕಾಲಿಟ್ಟ ಕೂಡಲೇ ನನ್ನನ್ನು ಒಂದು ಕೋಣೆಗೆ ಎಳೆದುಕೊಂಡು ಹೋದರು. "ಭಟ್ ಅಂಕಲ್, ಆಪ್ ರಾಜಗುರು ಹೋ" ಎಂದಳು ಇವೆಂಟ್ ಹುಡುಗಿ. ಎದೆಯವರೆಗೆ ಬರುವ ಬಿಳಿ ಗಡ್ಡವೊಂದನ್ನು ಗಮ್ಮಿನಿಂದ ನನ್ನ ಮುಖಕ್ಕೆ ಅಂಟಿಸಿದರು. ವೇಷ ಹಾಕಿದವರೆಲ್ಲರದ್ದೂ ಕಿತ್ತುಕೊಂಡ ಹಾಗೆ ನನ್ನ ಮೊಬೈಲೂ ಕಿತ್ತುಕೊಂಡರು. ಕೊನೆಗೆ ಕನ್ನಡಕಕ್ಕೂ ಕೈಹಾಕಿದಾಗ ನಾನು ತಡೆದೆ.

"ತಾಯೀ, ಇದಿಲ್ಲದೆ ನನಗೆ ವರ ಯಾರು, ವಧು ಯಾರು ಗೊತ್ತಾಗುವುದಿಲ್ಲ."

"ಅಂಕಲ್, ಉಸ್ ಟೈಮ್ ಮೇ ಚಶ್ಮಾ ನಹೀ ಥಾ."

"ಆ ಕಾಲದ ರಾಜಗುರುಗಳಿಗೆ ಕಣ್ಣು ಸರಿ ಇತ್ತು" ಎಂದೆ. ಕೇಳಲಿಲ್ಲ.

ಮಂಜಿನಲ್ಲಿ ನಡೆದ ಹಾಗೆ ಹಾಲ್‌ಗೆ ಬಂದೆ. ಸಂಕಲ್ಪಕ್ಕೆ ಮೊದಲು ಗಂಡಿನ ಕಡೆಯ ಹಿರಿಯರಿಂದ ಗೋತ್ರ ಕೇಳಿಕೊಳ್ಳಬೇಕು. ಬಾಗಿಲ ಹತ್ತಿರ ಮುಂಡಾಸು, ಉದ್ದ ನಿಲುವಂಗಿ ತೊಟ್ಟ ಒಬ್ಬ ಹಿರಿಯರು ಕೈಕಟ್ಟಿ ನಿಂತಿದ್ದರು. ಗಡ್ಡದ ಕೂದಲು ಬಾಯಿಗೆ ಬರುತ್ತಿದ್ದುದನ್ನು ಸರಿಸಿಕೊಂಡು ವಿನಯದಿಂದ ಕೇಳಿದೆ, "ತಮ್ಮ ಗೋತ್ರ ಯಾವುದು?"

ಮಾತಿಲ್ಲ. ಉತ್ತರ ಕರ್ನಾಟಕದವರು, ನನ್ನ ಭಾಷೆ ಹಿಡಿಸಲಿಲ್ಲವೇನೋ ಎಂದು, "ಗೋತ್ರ ಹೇಳ್ರಿ, ಗೋತ್ರ" ಎಂದೆ. ಆಗಲೂ ಇಲ್ಲ. ಕಿವಿ ಮಂದವಿರಬಹುದೆಂದು ಹತ್ತಿರ ಹೋಗಿ, ಭುಜ ಮುಟ್ಟಿ, ದೊಡ್ಡ ದನಿಯಲ್ಲಿ ಕೂಗಿದೆ. ಭುಜ ತಣ್ಣಗಿತ್ತು.

ಅಷ್ಟರಲ್ಲಿ ಮದುಮಗಳು ಓಡಿ ಬಂದಳು. "ಭಟ್ರೆ, ಅವರು ಅರಬಸ್ತಾನದ ಕುದುರೆ ವ್ಯಾಪಾರಿ. ಫೈಬರಿನವರು."

ನಾಚಿಕೆಯಾಗಿ ಹಿಂದೆ ಸರಿದೆ. ಹಿಂದೆಯೇ ನಿಂತಿದ್ದ ಹುಡುಗನ ಅಪ್ಪ ನನ್ನ ಬೆನ್ನು ತಟ್ಟಿ ಸಮಾಧಾನ ಹೇಳಿದರು. "ಮನಸ್ಸಿಗೆ ಹಚ್ಕೋಬ್ಯಾಡ್ರಿ ಭಟ್ರ. ನಾನೂ ಅವ್ರಿಗಿ ಚಾ ಕುಡೀರಿ ಬರ್ರಿ ಅಂತ ಕರದ ಕರದ ಸಾಕಾಗೇನಿ. ಭಾಳ ಸೊಕ್ಕಿನ ಬೀಗ ಅಂತ ತಿಳಿದಿದ್ದೆ."

ಅಗ್ನಿಸಾಕ್ಷಿ

ಮ್ಯೂಸಿಯಂನ ಅಧಿಕಾರಿ ಕಟ್ಟುನಿಟ್ಟಿನ ಮನುಷ್ಯ. ಹಾಲ್‌ನೊಳಗೆ ಬೆಂಕಿ ಕೂಡದು, ಮರದ ಹಡಗುಗಳಿವೆ. ನೀರು ಚೆಲ್ಲಕೂಡದು, ಹಾಯಿ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಅಕ್ಕಿ ಕೂಡದು, ಇಲಿ ಬಂದು ಹಳೆಯ ಹಗ್ಗ ಕಡಿಯುತ್ತದೆ.

ಬೆಂಕಿ, ನೀರು, ಅಕ್ಕಿ ಮೂರನ್ನೂ ತೆಗೆದರೆ ಮದುವೆಯಲ್ಲಿ ಉಳಿಯುವುದು ಊಟ ಒಂದೇ. ಅದನ್ನೇ ಅವರಿಗೆ ಹೇಳಿದ್ದೆ.

ಇವೆಂಟ್ ಹುಡುಗಿಯ ಹತ್ತಿರ ಇದಕ್ಕೂ ಪರಿಹಾರವಿತ್ತು. ಒಂದು ಪೆಟ್ಟಿಗೆ ತಂದು ಸ್ವಿಚ್ ಒತ್ತಿದಳು. ಒಳಗಿನ ಫ್ಯಾನು ತಿರುಗಿ, ಕಿತ್ತಳೆ ಬಟ್ಟೆಯ ಚೂರುಗಳು ಕೆಂಪು ಬಲ್ಬಿನ ಬೆಳಕಿನಲ್ಲಿ ಜ್ವಾಲೆಯ ಹಾಗೆ ಕುಣಿದವು.

"ಇದರಲ್ಲಿ ತುಪ್ಪ ಹಾಕಿದರೆ?" ಎಂದೆ.

"ಶಾಕ್ ಲಗೇಗಾ" ಎಂದಳು.

ಕೊನೆಗೆ ಒಂದು ರಾಜಿಯಾಯಿತು. ಮದುವೆಯೆಲ್ಲ ಹೊರಗೆ, ದೋಣಿ ನಿಲ್ಲುವ ಜೆಟ್ಟಿಯ ಮೇಲೆ. ಆದರೆ ಬೆಂಕಿ ಹಚ್ಚುವಾಗ ಮ್ಯೂಸಿಯಂನ ಕಾವಲುಗಾರ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಿಡಿದು ಪಕ್ಕದಲ್ಲೇ ನಿಲ್ಲಬೇಕು. ಅವನಿಗೆ ಅಧಿಕಾರಿ ಕೊಟ್ಟ ಅಪ್ಪಣೆ ಒಂದೇ: ಜ್ವಾಲೆ ಕಂಡರೆ ಒತ್ತು.

ಮದುವೆಯ ದಿನ ಜೆಟ್ಟಿಯ ಮೇಲೆ ಗಣಪತಿ ಪೂಜೆ ಚೆನ್ನಾಗಿ ನಡೆಯಿತು. ಎರಡೂ ಕಡೆಯವರು ಭಕ್ತಿಯಿಂದ ಸುತ್ತ ನಿಂತಿದ್ದರು. ನಾನು ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿದೆ. ಖಾಡಿಯ ಗಾಳಿಗೆ ಜ್ವಾಲೆ ಒಂದು ಗೇಣು ಎದ್ದಿತು.

ಕಾವಲುಗಾರ ತನ್ನ ಕರ್ತವ್ಯ ಮಾಡಿದ.

'ಬುಸ್' ಎಂದ ಸದ್ದಷ್ಟೇ ನೆನಪು. ಕಣ್ಣು ಬಿಟ್ಟರೆ ಗಣಪತಿ ಬೆಳ್ಳಗೆ, ನಾನು ಬೆಳ್ಳಗೆ, ಫಲ ತಾಂಬೂಲ ಬೆಳ್ಳಗೆ. ಈಗ ಎರಡೂ ಕಡೆಯವರು ಗಲಾಟೆ ಎಬ್ಬಿಸುತ್ತಾರೆಂದು ಉಸಿರು ಬಿಗಿಹಿಡಿದೆ. ಆದರೆ ಎಲ್ಲರೂ ಕೈಮುಗಿದೇ ನಿಂತಿದ್ದರು. ಕೆಲವರು ಮುಂದೆ ಬಂದು ಆ ಪುಡಿಯನ್ನು ಹಣೆಗೂ ಹಚ್ಚಿಕೊಂಡರು.

ಹುಡುಗಿಯ ಅಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು, "ಭಟ್ರೆ, ಘಟ್ಟದ ಮೇಲಿನವರ ಪದ್ಧತಿ ಸ್ವಲ್ಪ ಜೋರು ಅಲ್ವಾ?"

ಅದೇ ಹೊತ್ತಿಗೆ ಇನ್ನೊಂದು ಕಿವಿಯಲ್ಲಿ ಹುಡುಗನ ಅಪ್ಪ. "ಭಟ್ರ, ನಿಮ್ಮ ಕರಾವಳಿ ಕಡೆ ಗಣಪತಿಗೆ ಇಷ್ಟ ವಿಭೂತಿ ಬೇಕೇನ್ರಿ?"

ಭಾಷೆ ಬಾರದ ಸೈನಿಕ

ವರನ ಸೋದರಮಾವ ವಿಜಯಪುರದಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದರು. ಅವರಿಗೆ ಸೈನಿಕನ ವೇಷ ಹಾಕಿದ್ದರು. ತಗಡಿನ ಕವಚ, ದಪ್ಪ ಮೀಸೆ, ಕೈಯಲ್ಲಿ ಈಟಿ. ಬಿಸಿಲಿಗೆ ಕವಚ ಕಾದು ಹೆಂಚಾಗಿತ್ತು. ಪಾಪ, ಅವರು ತಣ್ಣಗಿನ ಹಾಲ್‌ಗೆ ಹೋಗಿ, ಫಿರಂಗಿಯ ಪಕ್ಕ ಹಗ್ಗ ಕಟ್ಟಿದ ಕಟ್ಟೆಯ ಮೇಲೆ ಜಾಗ ಕಂಡು, ಫಿರಂಗಿಗೆ ಒರಗಿ ನಿದ್ದೆಹೋದರು.

ಮ್ಯೂಸಿಯಂ ಅವತ್ತು ಸಾರ್ವಜನಿಕರಿಗೂ ತೆರೆದಿತ್ತು. ಅಧಿಕಾರಿ ಭಾನುವಾರದ ಟಿಕೆಟ್ ನಿಲ್ಲಿಸಲು ಒಪ್ಪಿರಲಿಲ್ಲ. ಥಾಣೆ ಊರಿನಿಂದ ಬಂದ ಒಂದು ಮರಾಠಿ ದಂಪತಿ ಸೋದರಮಾವನ ಎದುರು ನಿಂತರು. ನಾನು ಅಲ್ಲೇ ಕಂಬದ ಮರೆಯಲ್ಲಿ ಗಡ್ಡದ ಬಿಳಿ ಪುಡಿ ಕೊಡವುತ್ತಿದ್ದೆ.

"ಬಘಾ, ಶ್ವಾಸ್ ಘೇತೋಯ್!" ಎಂದಳು ಹೆಂಡತಿ. ನೋಡಿ, ಉಸಿರಾಡುತ್ತಿದೆ!

"ಒಳಗೆ ಮೋಟರ್ ಇಟ್ಟಿರುತ್ತಾರೆ" ಎಂದ ಗಂಡ, ಎಲ್ಲ ತಿಳಿದವನ ಹಾಗೆ. ಬಗ್ಗಿ ಮೀಸೆಯನ್ನು ಮೆಲ್ಲಗೆ ಎಳೆದು ನೋಡಿದ.

ಸೋದರಮಾವ ಕಣ್ಣು ಬಿಟ್ಟರು. ಎದುರಿಗೆ ಇಬ್ಬರು ಅಪರಿಚಿತರು. ಹೆಣ್ಣಿನ ಕಡೆಯವರು ಊಟಕ್ಕೆ ಕರೆಯಲು ಬಂದಿದ್ದಾರೆಂದೇ ಅವರು ತಿಳಿದರು.

"ಪಂಕ್ತಿ ಕುಂತದೇನ್ರಿ? ಹೋಳಿಗಿ ಅದನೋ ಇಲ್ಲೋ?"

ದಂಪತಿ ಎರಡು ಹೆಜ್ಜೆ ಹಿಂದೆ ಸರಿದರು. ಗಂಡ ಸಾವರಿಸಿಕೊಂಡು ಮೆಚ್ಚುಗೆಯಿಂದ ತಲೆದೂಗಿದ. ಸೋದರಮಾವ ಉತ್ತರ ಬಾರದ್ದಕ್ಕೆ ಮತ್ತೆ ಕಣ್ಣುಮುಚ್ಚಿದರು. ಸ್ವಲ್ಪ ಹೊತ್ತಿಗೆ ಟಿಕೆಟ್ ಕೌಂಟರಿನಲ್ಲಿ ಜೋರು ಮಾತು ಕೇಳಿಸಿತು. ಹೋಗಿ ನೋಡಿದರೆ ಅದೇ ಗಂಡ ಅಧಿಕಾರಿಯ ಜೊತೆ ಜಗಳಕ್ಕೆ ನಿಂತಿದ್ದ.

"ಮೂರ್ತಿ ಫಸ್ಟ್‌ಕ್ಲಾಸ್ ಇದೆ. ಆದರೆ ಮಹಾರಾಷ್ಟ್ರದಲ್ಲಿ ಇಟ್ಟುಕೊಂಡು ಅದಕ್ಕೆ ಮರಾಠಿ ಹಾಕಿಲ್ಲ ಅಂದರೆ ಏನರ್ಥ?"

ವರ ಬಂದ, ದಡ ಬರಲಿಲ್ಲ

ಮದುವೆಯ ಮುಖ್ಯ ಆಕರ್ಷಣೆ ವರನ ದಿಬ್ಬಣ. ದೂರದ ಹಡಗುಕಟ್ಟೆಯಿಂದ ಹೂವು ಕಟ್ಟಿದ ದೋಣಿಯಲ್ಲಿ ವರ ರಾಜನಂತೆ ಬರುವುದು, ನಾವು ಜೆಟ್ಟಿಯಲ್ಲಿ ಓಲಗದೊಂದಿಗೆ ಎದುರುಗೊಳ್ಳುವುದು. ದೋಣಿಯಲ್ಲಿ ವರ, ಅವನ ಅಪ್ಪ, ದೋಣಿಯವನು ಮೂವರೇ.

ಮುಹೂರ್ತ ನೋಡಿದವನು ನಾನು. ಹೂವು ನೋಡಿದವಳು ಇವೆಂಟ್ ಹುಡುಗಿ. ಊಟ ನೋಡಿದವರು ಹುಡುಗಿಯ ಅಪ್ಪ. ಖಾಡಿಯಲ್ಲಿ ನೀರು ಯಾವಾಗ ಇರುತ್ತದೆಂದು ಯಾರೂ ನೋಡಿರಲಿಲ್ಲ.

ದೋಣಿ ಠೀವಿಯಿಂದ ಬಂತು. ಓಲಗ ಏರಿತು. ಜೆಟ್ಟಿ ಇನ್ನೇನು ಕೂಗಳತೆಯಲ್ಲಿದೆ ಎನ್ನುವಾಗ ದೋಣಿ 'ಪಚ್' ಎಂದು ನಿಂತಿತು. ನೀರು ಇಳಿದುಹೋಗಿ ಸುತ್ತ ಬರೀ ಕಪ್ಪು ಕೆಸರು.

"ಭರತಿ ಬಂದು ನೀರು ಏರುವತನಕ ಅಲುಗಾಡುವುದಿಲ್ಲ" ಎಂದು ಕೂಗಿ ದೋಣಿಯವನು ಬೀಡಿ ಹಚ್ಚಿದ.

ಇವೆಂಟ್ ಹುಡುಗಿ ನನ್ನ ಕೈಹಿಡಿದು, "ಅಂಕಲ್, ಮುಹೂರ್ತ ಥೋಡಾ ಆಗೇ ಕರೋ ನಾ" ಎಂದಳು.

"ಇದೇನು ಆಫೀಸ್ ಮೀಟಿಂಗಾ ಮುಂದೆ ಹಾಕಲಿಕ್ಕೆ? ಇದು ತಪ್ಪಿದರೆ ಮುಂದಿನ ಮುಹೂರ್ತ ಯುಗಾದಿ ಕಳೆದ ಮೇಲೆ."

ಅದು ಕೇಳಿ ಮದುಮಗಳ ಮುಖ ಸಣ್ಣಗಾಯಿತು. ಅಷ್ಟು ದಿನದಲ್ಲಿ ಎರಡು ಕಡೆಯವರಿಗೆ ಹಂಪಿ ಇನ್ನೊಮ್ಮೆ ನೆನಪಾಗದೆ ಇರುತ್ತದೆಯೇ?

ಹುಡುಗನ ಅಪ್ಪನ ಸೈಟಿನಲ್ಲಿ ಕೆಲಸ ಮಾಡುವ ರಾಯಚೂರಿನ ಹುಡುಗರು ಮದುವೆಗೆ ಬಂದಿದ್ದರು, ಎಲ್ಲರೂ ದ್ವಾರಪಾಲಕರ ವೇಷದಲ್ಲಿ. ಯಜಮಾನರು ದೋಣಿಯಿಂದ ಕೂಗಿದ್ದೇ ತಡ, ಗದೆಗಳನ್ನು ಕೆಳಗಿಟ್ಟು ವೇದಿಕೆಯ ಹಲಗೆಗಳನ್ನೇ ಕಿತ್ತರು. ಜೆಟ್ಟಿಯಿಂದ ದೋಣಿಯವರೆಗೆ ಕೆಸರಿನ ಮೇಲೆ ಹಾಸಿದರು. ವರ ಮೊದಲ ಹಲಗೆಗೆ ಕಾಲಿಟ್ಟ. ಅವನದು ತುಂಬಿದ ಮೈ, ಮೇಲೆ ತಗಡಿನ ಕವಚ ಬೇರೆ. ಹಲಗೆ ಮುಳುಗಿತು. ಅವನ ಅಪ್ಪ ಕಿರೀಟ ಹಿಡಿದು ಮೇಲಕ್ಕೆಳೆದುಕೊಂಡರು. ಕಿರೀಟ ಬಂತು, ಹಿಂದಿನಿಂದ ಮಗನೂ ಬಂದ, ಒಂದು ಮೋಜಡಿ ಖಾಡಿಯಲ್ಲೇ ಉಳಿಯಿತು.

ಆಗ ಮದುಮಗಳು ತನ್ನ ಕಿರೀಟ ತೆಗೆದು ಇವೆಂಟ್ ಹುಡುಗಿಯ ತಲೆಗಿಟ್ಟಳು. ಸೀರೆ ಎತ್ತಿ ಕಟ್ಟಿದಳು. "ಭಟ್ರೆ, ಅಲ್ಲೇ ಮಾಡುವ. ಬನ್ನಿ" ಎಂದು ಹಲಗೆಯ ಮೇಲೆ ಹೊರಟೇಬಿಟ್ಟಳು. ಹಿಂದೆ ಅವಳ ಅಪ್ಪ, ಧಾರೆಯ ಗಿಂಡಿ ಹಿಡಿದ ಅಮ್ಮ, ಕೊನೆಗೆ ಗಡ್ಡವನ್ನು ಹೆಗಲ ಮೇಲೆ ಹಾಕಿಕೊಂಡ ನಾನು.

ದೋಣಿ ಹತ್ತುವಾಗ ಹುಡುಗನ ಅಪ್ಪ ಸೊಸೆಗೆ ಕೈಕೊಟ್ಟು ಎಳೆದುಕೊಂಡರು. ಎಳೆದುಕೊಂಡು ಮಗನ ಕಡೆ ತಿರುಗಿದರು. "ಕಥಿಯೊಳಗ ರಾಜಾ ಹೋಗಿ ರಾಣಿನ್ನ ಎತ್ಕೊಂಡ ಬರ್ತಾನ. ನಮ್ಮ ಮನಿಯೊಳಗ ರಾಣೀನ ಬಂದು ರಾಜಾನ ಬಿಡಿಸ್ಕೋಬೇಕಾತು."

ಬೀಳ್ಕೊಡುಗೆ

ದೋಣಿಯವನು ನಮಗೆ ಜಾಗ ಬಿಟ್ಟು, ಊಟ ಮಾಡಿ ಬರುತ್ತೇನೆಂದು ಹಲಗೆಯ ಮೇಲೆ ದಡಕ್ಕೆ ಹೋದ. ನಾವು ಆರು ಜನ ಇಕ್ಕಟ್ಟಿನಲ್ಲಿ ಮಂಡಿ ತಾಗಿಸಿಕೊಂಡು ಕುಳಿತೆವು. ಮುಹೂರ್ತಕ್ಕೆ ಸರಿಯಾಗಿ ಧಾರೆ ಎರೆಸಿದೆ. ವರ ಕರಿಮಣಿ ಕಟ್ಟಿದ. ದಡದಲ್ಲಿ ಓಲಗ ಮುಗಿಲು ಮುಟ್ಟಿತು. ಹುಡುಗಿಯ ಅಮ್ಮ ಕಣ್ಣೊರೆಸಿಕೊಂಡರು. ಇನ್ನು ದಡಕ್ಕೆ ಹೋಗಿ ಹೋಮ, ಸಪ್ತಪದಿ ಮಾಡಿದರೆ ಮುಗಿಯಿತು ಎಂದು ನಾನು ಎದ್ದು ನಿಂತೆ. ದಡ ಸ್ವಲ್ಪ ದೂರ ಕಂಡಿತು.

ಕನ್ನಡಕ ಇಲ್ಲದ್ದಕ್ಕೆ ಹಾಗೆ ಎಂದುಕೊಂಡೆ.

"ಭಟ್ರೆ," ಎಂದರು ಹುಡುಗಿಯ ಅಪ್ಪ ಮೆಲ್ಲಗೆ, "ಹಲಗೆ ಎಲ್ಲಿ?"

ಭರತಿ ಬಂದಿತ್ತು. ಹಲಗೆಗಳು ತೇಲಿಹೋಗಿದ್ದವು. ಕೆಸರಿನಲ್ಲಿ ಹೂತ ದೋಣಿಗೆ ಹಗ್ಗ ಯಾಕೆಂದು ಯಾರೂ ಕಟ್ಟಿರಲಿಲ್ಲ. ದೋಣಿ ತಾನಾಗಿ ತಿರುಗಿ, ಏರುವ ನೀರಿನ ಜೊತೆ ಖಾಡಿಯ ಮೇಲ್ಭಾಗಕ್ಕೆ ಹೊರಟಿತ್ತು. ಇಂಜಿನ್ನಿನ ಕೀಲಿ ಊಟಕ್ಕೆ ಹೋದ ದೋಣಿಯವನ ಜೇಬಿನಲ್ಲಿತ್ತು. ಹುಟ್ಟು ಎಲ್ಲಿ ಎಂದರೆ, ಅದಕ್ಕೆ ಮಲ್ಲಿಗೆ ಸುತ್ತಿ ಊಟದ ಚಪ್ಪರದ ಬಾಗಿಲಿಗೆ ಅಲಂಕಾರಕ್ಕೆ ಇಟ್ಟಿದ್ದರು. ಫೋನು ಎಂದರೆ, ರಾಜರ ಕಾಲ.

ನಾವೆಲ್ಲ ಎದ್ದು ಎರಡೂ ಕೈ ಬೀಸಿ "ಬಚಾವೋ! ಬಚಾವೋ!" ಎಂದು ಕೂಗಿದೆವು. ಓಲಗದ ಅಬ್ಬರದಲ್ಲಿ ದಡಕ್ಕೆ ನಮ್ಮ ಕೈ ಮಾತ್ರ ಕಂಡಿತು. ನೂರಾರು ನೆಂಟರು ಎದ್ದುನಿಂತು ತಿರುಗಿ ಕೈ ಬೀಸಿದರು. ಹೆಂಗಸರು ಅಕ್ಷತೆ ಎರಚಿದರು. ಹೀಗೆ ದೋಣಿಯಲ್ಲಿ ಬೀಳ್ಕೊಡುವುದೂ ಕಾರ್ಯಕ್ರಮದ ಭಾಗವೆಂದು ಎಲ್ಲರ ನಂಬಿಕೆ. ಯಾರೋ ಪಟಾಕಿ ಹಚ್ಚಿದರು. ಅದನ್ನು ಕಾವಲುಗಾರ ಆರಿಸಿದ್ದೂ ಬೆಳ್ಳಗೆ ಹೊಗೆಯ ಹಾಗೆ ಕಂಡಿತು, ಅದಕ್ಕೂ ಚಪ್ಪಾಳೆ ಬಿತ್ತು. ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದರೆ ವಿಡಿಯೋದವನು ಮೈಕಿನಲ್ಲಿ ನನ್ನನ್ನೇ ಗದರಿದ. "ಪಂಡಿತ್‌ಜೀ, ಕ್ಯಾಮೆರಾ ಕೀ ತರಫ್ ಮತ್ ದೇಖೋ! ನ್ಯಾಚುರಲ್ ರಹೋ!"

ತಿರುವು ದಾಟಿದ ಮೇಲೆ ಸದ್ದು ನಿಂತಿತು. ಎರಡು ಕಡೆ ಕೆಸರಿನಲ್ಲಿ ಬೇರುಬಿಟ್ಟ ಕಾಂಡ್ಲಾ ಗಿಡಗಳು, ನಡುವೆ ನೀರು, ನೀರಿನ ಮೇಲೆ ನಾವು.

"ಭಟ್ರ," ಎಂದರು ಹುಡುಗನ ಅಪ್ಪ. ಅವರಿಗೆ ಈಜು ಬಾರದು. ಎರಡೂ ಕೈಯಲ್ಲಿ ಬೀಗರ ಸೊಂಟದ ಪಟ್ಟಿ ಹಿಡಿದಿದ್ದರು. "ಈಗ ಲಗ್ನ ಆದಂಗೋ, ಆಗಲಾರದಂಗೋ?"

"ಅರ್ಧ ಆಗಿದೆ. ಉಳಿದ ಅರ್ಧ ದಡದಲ್ಲಿದೆ."

"ಉಳಿದದ್ದು ಆಗೂತನಾ ನಾ ಇವ್ರನ್ನ ಬಿಡೂದಿಲ್ಲ" ಎಂದು ಪಟ್ಟಿಯನ್ನು ಇನ್ನಷ್ಟು ಬಿಗಿಹಿಡಿದರು. ಹುಡುಗಿಯ ಅಪ್ಪ ಅವರ ಕೈಮೇಲೆ ಕೈಯಿಟ್ಟರು. "ಬಿಡಬೇಡಿ ಮಾರಾಯ್ರೆ. ನನಗೂ ಹೆದರಿಕೆ ಆಗ್ತಾ ಉಂಟು." ಮಾತುಕತೆಯ ದಿನದಿಂದ ಇಬ್ಬರೂ ಮನಸ್ಸು ಬಿಚ್ಚಿ ಆಡಿದ ಮೊದಲ ಮಾತು ಅದು.

ಮದುಮಗಳೊಬ್ಬಳೇ ಹೆದರಿರಲಿಲ್ಲ. "ಹಳೇ ಕಾಲದಲ್ಲಿ ಹಡಗುಗಳು ಹೀಗೇ ಭರತಿ ಹಿಡಿದು ಕಲ್ಯಾಣ ಬಂದರಿಗೆ ಹೋಗುತ್ತಿದ್ದವು" ಎಂದು ಅವಳು ಕತೆ ಶುರುಮಾಡಿದಳು. ವರ ಒಂದೇ ಮೋಜಡಿಯಲ್ಲಿ ಕೂತು, ಕೆನ್ನೆಗೆ ಕೈಕೊಟ್ಟು, ಟಿಕೆಟ್ ಕೊಟ್ಟು ಬಂದವನ ಹಾಗೆ ಕೇಳುತ್ತಿದ್ದ. ಈ ಮದುವೆ ಗಟ್ಟಿ ಎಂದು ನನಗೆ ಅನಿಸಿದ್ದು ಆಗಲೇ.

ಬಹಳ ಹೊತ್ತಿನ ಮೇಲೆ ಬಲೆ ಬೀಸುತ್ತಿದ್ದ ಒಬ್ಬ ಮೀನುಗಾರ ಕಂಡ. ಕೂಗಿದೆವು. ಅವನು ನಿಧಾನವಾಗಿ ದೋಣಿ ತಂದು ನಮ್ಮ ಪಕ್ಕಕ್ಕೆ ಹಚ್ಚಿದ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. ರೇಷ್ಮೆ ನಿಲುವಂಗಿಯ ಇಬ್ಬರು ಮುದುಕರು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದಾರೆ, ಕವಚದ ರಾಜನೊಬ್ಬ, ಕರಿಮಣಿಯ ಹೊಸ ಮದುಮಗಳು, ಬೂದಿ ಬಳಿದ ಋಷಿಯೊಬ್ಬ, ಗಿಂಡಿ ಹಿಡಿದ ತಾಯಿ.

ಹಗ್ಗ ಎಸೆಯುತ್ತಾ ಅವನು ಕೇಳಿದ್ದು ಒಂದೇ ಪ್ರಶ್ನೆ. "ಕುಠೇ ಜಾಯ್ಚಯ್?" ಎಲ್ಲಿಗೆ ಹೋಗಬೇಕು?

ಮ್ಯೂಸಿಯಂ ಎನ್ನಬೇಕಿತ್ತು. ಆದರೆ ಇಡೀ ಜನ್ಮ ರಿಕ್ಷಾದವರಿಗೆ ಹೇಳಿ ಹೇಳಿ ಹುಡುಗಿಯ ಅಪ್ಪನ ನಾಲಿಗೆಗೆ ಅಭ್ಯಾಸವಾಗಿತ್ತು. "ಡೊಂಬಿವಲಿ" ಎಂದುಬಿಟ್ಟರು.

ಮೀನುಗಾರ ನಮ್ಮ ಕಿರೀಟ, ಕವಚಗಳನ್ನೆಲ್ಲ ಇನ್ನೊಮ್ಮೆ ನೋಡಿದ. ಆಮೇಲೆ ಬಹಳ ಕನಿಕರದಿಂದ ಕೇಳಿದ.

"ಕಾ ಹೋ? ಆಜ್ ಪಣ ಲೋಕಲ್ ಬಂದ್?" ಯಾಕ್ರೀ, ಇವತ್ತೂ ಲೋಕಲ್ ರೈಲು ಬಂದಾ?